ಅಭಿರುಚಿ ದೂರದ್ದಿರಲಿ, ನೆರೆಮನೆ ದೂರವಾಗದಿರಲಿ

ಕೊಪ್ಪದಿಂದ ಶೃಂಗೇರಿಗೆ ಹೋಗುವ ಹಾದಿಯಲ್ಲಿ, ತುಂಗೆಯ ದಡದ ಮೇಲೆ ಹರಿಹರಪುರವಿದೆ. ಮಠ, ಸಣ್ಣ ಪೇಟೆ, ಸುತ್ತಲೂ ಅಡಿಕೆ ತೋಟಗಳು. ಇಂತಹ ಊರುಗಳಲ್ಲಿ ಒಬ್ಬರನ್ನೊಬ್ಬರು ಅರಿಯಲು ಒಂದು ಕಾಲದಲ್ಲಿ ವಿಶೇಷ ಪ್ರಯತ್ನವೇನೂ ಬೇಕಿರಲಿಲ್ಲ. ಬಸ್ಸೇ ಸಾಕಾಗಿತ್ತು. ಕೊಪ್ಪದ ಸಾರಿಗೆ ಕಾರ್ಮಿಕರು 1991ರಲ್ಲಿ ತಾವೇ ಒಡೆಯರಾಗಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳಲ್ಲಿ ಅರ್ಚಕರೂ ಉಸ್ತಾದರೂ, ತೋಟದ ಯಜಮಾನರೂ ಕೂಲಿಯಾಳುಗಳೂ ಭುಜಕ್ಕೆ ಭುಜ ತಾಗಿಸಿ ಕುಳಿತು ಮಳೆ, ಬೆಲೆ, ಮದುವೆಗಳ ಸುದ್ದಿ ಮಾತನಾಡುತ್ತಿದ್ದರು. 2020ರಲ್ಲಿ ನಷ್ಟದ ಹೊರೆ ತಾಳಲಾರದೆ ಆ ಬಸ್ಸುಗಳು ನಿಂತವು. ಅವುಗಳೊಂದಿಗೆ ನಿಂತುಹೋದದ್ದು ಪ್ರಯಾಣವೊಂದೇ ಅಲ್ಲ.

ಇಂದು ನಮ್ಮ ಯುವಕರ ಗೆಳೆತನದ ನಕ್ಷೆ ಬೇರೆ. ಕಪ್ಪೆಗಳ ಚಿತ್ರ ತೆಗೆಯುವ ಹುಡುಗನಿಗೆ ಕೇರಳದಲ್ಲಿ ಗೆಳೆಯನಿದ್ದಾನೆ. ಅರಬಿ ಲಿಪಿಕಲೆ ಅಭ್ಯಾಸ ಮಾಡುವ ಹುಡುಗಿಗೆ ಇಸ್ತಾಂಬುಲಿನ ಗುರುಗಳ ಪರಿಚಯವಿದೆ. ಮೊಬೈಲು ಈ ಸಂಬಂಧಗಳನ್ನು ಕಟ್ಟಿಕೊಟ್ಟಿದೆ. ಆದರೆ ಎರಡು ಮನೆಗಳಾಚೆ ವಾರದಿಂದ ಜ್ವರದಲ್ಲಿ ಮಲಗಿರುವ ಮುದುಕಿಯ ಹೆಸರು ಅವರಿಗೆ ತಿಳಿದಿದೆಯೇ?

ಈ ಪ್ರಶ್ನೆ ಕೇಳಿದೊಡನೆ ಹಿರಿಯರು ತಲೆದೂಗುತ್ತಾರೆ. ತಪ್ಪೆಲ್ಲ ಮಕ್ಕಳದೇ ಎಂಬಂತೆ! ಆದರೆ ಮಕ್ಕಳು ದೂರದಲ್ಲಿ ಗೆಳೆಯರನ್ನು ಹುಡುಕಿದ್ದೇಕೆ? ಹತ್ತಿರದಲ್ಲಿ ಯಾರೂ ಅವರ ಮಾತಿಗೆ ಕಿವಿಗೊಡಲಿಲ್ಲ. 'ಇದರಿಂದ ಹೊಟ್ಟೆ ತುಂಬುತ್ತದೆಯೇ?', 'ಇದೆಲ್ಲ ನಮ್ಮವರಿಗೇಕೆ?' ಎಂಬ ಎರಡು ಪ್ರಶ್ನೆಗಳಿಂದ ನಾವು ಎಷ್ಟು ಪ್ರತಿಭೆಗಳ ಬಾಯಿ ಮುಚ್ಚಿಸಿದ್ದೇವೆ! ಮದ್ರಸದಲ್ಲಿ ಕಲಿಯುತ್ತಿದ್ದಾಗ ನಾನು ತೇಜಸ್ವಿಯವರ 'ಕರ್ವಾಲೊ'ವನ್ನು ಕಿತಾಬಿನಡಿ ಬಚ್ಚಿಟ್ಟು ಓದಿದವನು. ಸಿಕ್ಕಿಬಿದ್ದ ದಿನ ಪುಸ್ತಕ ಹೋಯಿತು. ಅದರಲ್ಲೇನಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ನಮ್ಮ ಪರಂಪರೆ ಇಷ್ಟು ಸಂಕುಚಿತವಾದುದೇ? ಪ್ರವಾದಿ(ಸ)ಯವರ ಸೂಚನೆಯಂತೆ ಝೈದ್ ಬಿನ್ ಸಾಬಿತ್(ರ) ಯಹೂದಿಯರ ಭಾಷೆಯನ್ನು ಕೆಲವೇ ದಿನಗಳಲ್ಲಿ ಕಲಿತರು. ಅಂದಿನ ಮದೀನದಲ್ಲಿ ಅದು ಎಲ್ಲರ ವಿದ್ಯೆಯಾಗಿರಲಿಲ್ಲ, ಎಲ್ಲರಿಗಾಗಿ ಒಬ್ಬರು ಕಲಿತ ವಿದ್ಯೆ. ಹಿಜರಿ 505ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿ 'ಇಹ್ಯಾ ಉಲೂಮುದ್ದೀನ್'ನಲ್ಲಿ ತಮ್ಮ ಕಾಲದ ವಿದ್ವಾಂಸರನ್ನು ತರಾಟೆಗೆ ತೆಗೆದುಕೊಂಡಿದ್ದಾರೆ. ಎಷ್ಟೋ ಊರುಗಳಲ್ಲಿ ಮುಸ್ಲಿಮ್ ವೈದ್ಯನೇ ಇಲ್ಲ, ಆದರೂ ಎಲ್ಲರೂ ಫಿಕ್ಹ್‌ನ ವಾಗ್ವಾದಕ್ಕೆ ಮುಗಿಬೀಳುತ್ತಾರೆ ಎಂಬುದು ಅವರ ಆಕ್ಷೇಪ. ವೈದ್ಯ, ಗಣಿತ, ಕೃಷಿ, ನೇಯ್ಗೆಗಳನ್ನು ಅವರು ಫರ್ಝ್ ಕಿಫಾಯದಲ್ಲಿ ಸೇರಿಸಿದರು. ಅಂದರೆ ಸಮುದಾಯದ ಕೆಲವರಾದರೂ ಹೊರಲೇಬೇಕಾದ, ಯಾರೂ ಹೊರದಿದ್ದರೆ ಎಲ್ಲರೂ ತಪ್ಪಿತಸ್ಥರಾಗುವ ಹೊಣೆ.

ನಮ್ಮ ಸಮಸ್ಯೆಯ ಕೀಲಿ ಇಲ್ಲಿದೆ. ಕೆಲವರ ವಿಶೇಷ ಆಸಕ್ತಿ ಸಮುದಾಯದ ಸೊತ್ತು. ಹಾಗೆಂದ ಮೇಲೆ ಹೊಣೆ ಎರಡೂ ಕಡೆಗಿದೆ. ಹಿರಿಯರು ದಾರಿ ಬಿಡಬೇಕು, ಕಿರಿಯರು ತಾವು ಕಲಿತದ್ದರ ಪಾಲನ್ನು ಊರಿಗೆ ಸಲ್ಲಿಸಬೇಕು.

ಹಿರಿಯರು ಸಲೀಂ ಅಲಿಯವರ ಬಾಲ್ಯವನ್ನು ನೆನೆಯಲಿ. ಮುಂಬಯಿಯ ಆ ಅನಾಥ ಬಾಲಕ ತಾನು ಹೊಡೆದ ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆಯೇಕಿದೆ ಎಂದು ಕೇಳಿದಾಗ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಗದರಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಪತ್ರ ಕೊಟ್ಟು ಕಳುಹಿಸಿದರು. ಅದೇ ಬಾಲಕ ಮುಂದೆ ಭಾರತದ ಪಕ್ಷಿಶಾಸ್ತ್ರದ ದೊಡ್ಡ ಹೆಸರಾದರು. 1939-40ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದವರೂ ಅವರೇ.

ಕಿರಿಯರು ನಿಸಾರ್ ಅಹಮದ್‌ರನ್ನು ನೋಡಲಿ. ಮನೆಮಾತು ಉರ್ದು, ವೃತ್ತಿ ಭೂವಿಜ್ಞಾನದ ಅಧ್ಯಾಪನ, ಒಲವು ಕನ್ನಡ ಕಾವ್ಯ. ಮೂರನ್ನೂ ಅವರು ಒಂದೇ ಬದುಕಿನಲ್ಲಿ ನಿಭಾಯಿಸಿದರು. 1978ರಲ್ಲಿ ಧ್ವನಿಸುರುಳಿಯಾಗಿ ಬಂದ 'ನಿತ್ಯೋತ್ಸವ' ಇಂದಿಗೂ ಶಾಲೆ ಶಾಲೆಗಳಲ್ಲಿ ಮೊಳಗುತ್ತದೆ. 2006ರಲ್ಲಿ ತಾವು ಪಾಠ ಹೇಳಿದ್ದ ಶಿವಮೊಗ್ಗದಲ್ಲೇ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ತಮ್ಮ ಒಲವನ್ನು ಅವರು ಕೋಣೆಯೊಳಗೆ ಇಟ್ಟುಕೊಳ್ಳಲಿಲ್ಲ. ನಾಡಿಗೆ ಕೊಟ್ಟರು, ನಾಡು ಅವರನ್ನು ತನ್ನವರೆಂದಿತು.

ಮಲೆನಾಡಿನಲ್ಲಿ ಕೊಡಲು ಅವಕಾಶಗಳಿಗೆ ಬರವೇ? ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಅಡಿಕೆ ಬೆಳೆಗಾರ ದಶಕಗಳಿಂದ ಹಳದಿ ಎಲೆ ರೋಗದಿಂದ ಬಸವಳಿದಿದ್ದಾನೆ. ಈಗ ಎಲೆಚುಕ್ಕಿಯೂ ಸೇರಿಕೊಂಡಿದೆ. ಸೂಕ್ಷ್ಮದರ್ಶಕದ ಹುಚ್ಚಿರುವ ಹುಡುಗ ನೆರೆಯ ತೋಟದ ಸೋಗೆಯನ್ನೊಮ್ಮೆ ನೋಡಲಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ 2024ರಲ್ಲಿ ಈ ತಾಲೂಕುಗಳನ್ನೂ ಕಾಡಿತು. ಕೀಟಗಳ ಬಗ್ಗೆ ಓದುವ ಹುಡುಗಿ ಅದನ್ನು ಹರಡುವ ಉಣ್ಣೆಯ ಕುರಿತು ಕೂಲಿ ಹೆಂಗಸರಿಗೆ ನಾಲ್ಕು ಮಾತು ಹೇಳಲಿ.

ಇದು ಬರಿಯ ಹವ್ಯಾಸದ ಪ್ರಶ್ನೆಯಲ್ಲ. 2022ರ ಮಾರ್ಚ್‌ನಲ್ಲಿ ಶಿವಮೊಗ್ಗದ ಮಾರಿಕಾಂಬಾ ಜಾತ್ರೆಯಲ್ಲೂ ಕಾಪುವಿನ ಮಾರಿಪೂಜೆಯಲ್ಲೂ ಮುಸ್ಲಿಮ್ ವ್ಯಾಪಾರಿಗಳನ್ನು ಹೊರಗಿಡಲಾಯಿತು. ಆ ಅನ್ಯಾಯದ ಹೊಣೆ ಅದನ್ನು ಮಾಡಿದವರದೇ. ಆದರೆ ಪರಿಚಯವಿರುವಲ್ಲಿ ದ್ವೇಷಕ್ಕೆ ಬೇರೂರುವುದು ಕಷ್ಟ, ಅಪರಿಚಿತರ ನಡುವೆ ಸುಲಭ. ಮಾನವರನ್ನು ಜನಾಂಗ ಗೋತ್ರಗಳಾಗಿ ಮಾಡಿದ್ದು ಪರಸ್ಪರ ಅರಿಯುವುದಕ್ಕಾಗಿ ಎಂದು ಸೂರಃ ಅಲ್ ಹುಜುರಾತ್ ಬೋಧಿಸುತ್ತದೆ. ನೆರೆಯವನನ್ನು ವಾರೀಸುದಾರನನ್ನಾಗಿಸುವರೇನೋ ಎಂದು ಪ್ರವಾದಿ(ಸ)ಯವರಿಗೆ ಅನಿಸುವಷ್ಟರ ಮಟ್ಟಿಗೆ ಜಿಬ್ರೀಲ್(ಅ) ನೆರೆಯ ಹಕ್ಕನ್ನು ಒತ್ತಿ ಹೇಳಿದ್ದರು. ಆ ನೆರೆಯವನ ಧರ್ಮವನ್ನು ಅಲ್ಲಿ ಕೇಳಿಲ್ಲ.

ಮೊಹಲ್ಲಾದ ಜಮಾಅತ್‌ಗಳು ಒಂದು ಸಣ್ಣ ಕೆಲಸ ಮಾಡಬಹುದು. ತಿಂಗಳಿಗೊಂದು ಸಂಜೆ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿ, 'ನಿನಗೇನು ಇಷ್ಟ? ನಮಗೂ ಹೇಳು' ಎನ್ನಲಿ. ನೆರೆಯ ಹಿಂದೂ, ಕ್ರೈಸ್ತ ಬಂಧುಗಳನ್ನೂ ಕರೆಯಲಿ. ಖರ್ಚು ಒಂದು ಕೆಟಲ್ ಚಹಾ. ನಿಂತುಹೋದ ಬಸ್ಸಿನ ಮಾತುಕತೆಯನ್ನು ಮತ್ತೆ ಆರಂಭಿಸಲು ಇದಕ್ಕಿಂತ ಕಡಿಮೆ ಖರ್ಚಿನ ದಾರಿ ನನಗಂತೂ ಕಾಣುತ್ತಿಲ್ಲ.