ಮಂತ್ರವೋ, ಅಡಿಕೆ ಲೆಕ್ಕವೋ?

ಕಳೆದ ದೀಪಾವಳಿಗೆ ಅಕ್ಕನ ಮಗ ಬೆಂಗಳೂರಿನಿಂದ ಊರಿಗೆ ಬಂದಿದ್ದ. ಕಂಪ್ಯೂಟರ್ ಕೆಲಸ, ಒಳ್ಳೆಯ ಸಂಬಳ, ಎದುರುತ್ತರ ಗೊತ್ತಿಲ್ಲದ ವಿನಯವಂತ ಹುಡುಗ. ಕೊರಳಲ್ಲಿ ಬೆಳ್ಳಿಯ ಪದಕವೊಂದು ನೇತಾಡುತ್ತಿತ್ತು: ಕೆಳಗೆ ಶಿಲುಬೆಯಂತೆ, ಮೇಲೆ ಕುಣಿಕೆಯಂತೆ. ಇವನೇನಾದರೂ ಇಗರ್ಜಿಗೆ ಸೇರಿದನೋ ಎಂದು ಅಕ್ಕನಿಗೆ ಗಾಬರಿ. "ಅಲ್ಲಮ್ಮಾ, ಇದು ಅಂಖ್. ಈಜಿಪ್ಟಿನ ಜೀವಚಿಹ್ನೆ" ಎಂದ. ಮೂರು ವಾರ, ಶನಿವಾರ ಮತ್ತು ಭಾನುವಾರ, ಮೊಬೈಲಿನಲ್ಲೇ ಅವನಿಗೆ 'ಈಜಿಪ್ಟಿನ ದೀಕ್ಷೆ' ಆಗಿದೆ. ದಕ್ಷಿಣೆ 18,000 ರೂಪಾಯಿ. ತಾಮ್ರದ ಪಿರಮಿಡ್ಡಿಗೆ ಬೆಲೆ ಬೇರೆ. ಒಂದು ಕಾರ್ಡು ಕೊಟ್ಟಿದ್ದಾರೆ. ಅದರಲ್ಲಿ ಹಕ್ಕಿ, ಹಾವು, ಕಣ್ಣು, ನೀರಿನ ಅಲೆ. ದಿನಾ ಬೆಳಿಗ್ಗೆ ಅದನ್ನು ನೋಡುತ್ತಾ ಧ್ಯಾನ. "ಇದರಲ್ಲಿ ಏನು ಬರೆದಿದೆ?" ಎಂದು ಕೇಳಿದೆ. "ಅರ್ಥ ಮುಖ್ಯವಲ್ಲ ಮಾವ, ಕಂಪನ ಮುಖ್ಯ" ಎಂದ.

ಮರುದಿನ ಅಟ್ಟ ಗುಡಿಸುವಾಗ ಅಜ್ಜನ ಕೈಬರಹದ ಹಳೆಯ ಪುಸ್ತಕ ಸಿಕ್ಕಿತು. ಹುಡುಗ ಅದನ್ನು ಎರಡೂ ಕೈಯಲ್ಲಿ ಹಿಡಿದು, ಹಳದಿಯಾದ ಹಾಳೆಗಳನ್ನು ಒಂದೊಂದೇ ತಿರುವಿ, ದನಿ ತಗ್ಗಿಸಿ ಕೇಳಿದ: "ಇದು ಮಂತ್ರವಾ ಮಾವ?"

ಅದು 1954ರ ಅಡಿಕೆ ಲೆಕ್ಕ. ಎಷ್ಟು ಮಣ, ಧಾರಣೆ ಎಷ್ಟು, ಗಾಡಿ ಬಾಡಿಗೆ ಎಷ್ಟು ಆಣೆ. ಹುಡುಗ ಮನೆಯಲ್ಲಿ ಕನ್ನಡ ಮಾತಾಡುತ್ತಾನೆ. ಓದಿದ್ದು ಇಂಗ್ಲಿಷು, ಹಿಂದಿ, ಮಲಯಾಳಂ. ಬೆಂಗಳೂರಿನ ಬಸ್ಸಿನ ಬೋರ್ಡನ್ನು ಹೇಗೋ ಊಹಿಸುತ್ತಾನೆ. ಅಜ್ಜನ ಮೋಡಿ ಅಕ್ಷರ ಮತ್ತು ಕನ್ನಡ ಅಂಕಿಗಳು ಅವನ ಪಾಲಿಗೆ ಈಜಿಪ್ಟಿನ ಚಿತ್ರಲಿಪಿಯೇ ಸರಿ.

ಆವತ್ತು ನಗೆ ಬಂತು. ಆಮೇಲೆ ಹಲವು ದಿನ ನಿದ್ದೆ ಬರಲಿಲ್ಲ. ಬೇಂಕಿನ ಗುಮಾಸ್ತನಾದ ನನಗೆ ಈಜಿಪ್ಟಿನ ಮೇಲೆ ಅಧಿಕಾರದಿಂದ ಬರೆಯುವ ಯೋಗ್ಯತೆಯಿಲ್ಲ. ಬಿ.ಎ.ಯಲ್ಲಿ ಇತಿಹಾಸ ಓದಿದ್ದೆ, ಆಮೇಲೂ ಓದುವ ಚಟ ಬಿಟ್ಟಿಲ್ಲ, ಅಷ್ಟೆ. ಆದರೂ ಈ 'ಪ್ರಾಚೀನ ಈಜಿಪ್ಟಿನ ಮಾಂತ್ರಿಕ ಜ್ಞಾನ'ದ ವ್ಯಾಪಾರ ನಮ್ಮ ಮನೆಗಳ ಚಾವಡಿಯವರೆಗೆ ಬಂದಿರುವಾಗ ಬಾಯಿ ಮುಚ್ಚಿ ಕೂರುವುದು ಸರಿಯಲ್ಲವೆಂದು ಬರೆಯುತ್ತಿದ್ದೇನೆ.

ಮೊದಲು ಆ ಹಳಬರಿಗೆ ನ್ಯಾಯ ಸಲ್ಲಿಸೋಣ. ಅವರ ಮಾತಿನಲ್ಲಿ ಮಂತ್ರಶಕ್ತಿಗೆ 'ಹೆಕ' ಎಂದು ಹೆಸರು. ಇದನ್ನು ಮಾಟ ಎಂದು ಅನುವಾದಿಸಿದರೆ ತಪ್ಪಾದೀತು. ನಮ್ಮಲ್ಲಿ ಮಾಟವೆಂದರೆ ಕತ್ತಲೆಯಲ್ಲಿ ಕದ್ದು ಮಾಡುವ ಕೇಡು. ಹೆಕ ಎಂದರೆ ಸೃಷ್ಟಿಯನ್ನೇ ನಡೆಸುವ ಶಕ್ತಿ. ಅದೇ ಹೆಸರಿನ ದೇವರೂ ಇದ್ದ. ಮೆರಿಕರೆ ಎಂಬ ಅರಸನಿಗೆ ಹೇಳಿದ ನೀತಿಬೋಧೆಯಲ್ಲಿ ಹೆಕವನ್ನು ಬಂದೆರಗುವ ಅನಾಹುತ ತಡೆಯಲು ದೇವರು ಮನುಷ್ಯರಿಗೆ ಕೊಟ್ಟ ಆಯುಧವೆಂದು ಕರೆಯಲಾಗಿದೆ. ಪೂಜೆ, ಔಷಧ, ಮಂತ್ರ ಎಂದು ನಾವು ಈಗ ಹಾಕುವ ಬೇಲಿಗಳು ಅವರಲ್ಲಿರಲಿಲ್ಲ. ಕ್ರಿ.ಪೂ. 1550ರ ಸುಮಾರಿನ ಎಬರ್ಸ್ ಪಪೈರಸ್ಸಿನಲ್ಲಿ ಕಷಾಯದ ಪಾಕಗಳ ನಡುನಡುವೆಯೇ ಮಂತ್ರಗಳಿವೆ. ಇದನ್ನೆಲ್ಲ ಮೂಢನಂಬಿಕೆ ಎಂಬ ಒಂದೇ ಮಾತಿನಲ್ಲಿ ಗುಡಿಸಿ ಹಾಕುವ ನಮ್ಮ ವಿಚಾರವಾದಿ ಮಿತ್ರರ ಜತೆಗೂ ನನಗೆ ತಕರಾರಿದೆ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮಿನಲ್ಲಿ ಮೆಟರ್ನಿಕ್ ಶಿಲೆ ಎಂಬ ಕಪ್ಪು ಹಸಿರು ಕಲ್ಲೊಂದಿದೆ. ಕ್ರಿ.ಪೂ. ನಾಲ್ಕನೆಯ ಶತಮಾನದ್ದು, ಎರಡನೆಯ ನೆಕ್ಟನೇಬೊ ಅರಸನ ಕಾಲದ್ದು. ಮೊಸಳೆಗಳ ಮೇಲೆ ನಿಂತ ಬಾಲಕ ಹೋರಸ್. ಸುತ್ತ ಮೈತುಂಬ ಅಕ್ಷರ. ಅದರಲ್ಲಿರುವ ಕಥೆ ಇದು. ಐಸಿಸ್ ದೇವಿ ಏಳು ಚೇಳುಗಳ ಕಾವಲಿನಲ್ಲಿ ತಲೆಮರೆಸಿಕೊಂಡು ಹೋಗುತ್ತಾಳೆ. ಒಬ್ಬ ಶ್ರೀಮಂತ ಹೆಂಗಸು ಇವಳನ್ನು ಕಂಡು ಬಾಗಿಲು ಹಾಕುತ್ತಾಳೆ. ಜವುಗು ನೆಲದ ಬಡ ಹುಡುಗಿ ಬಾಗಿಲು ತೆರೆಯುತ್ತಾಳೆ. ಸಿಟ್ಟಾದ ಚೇಳುಗಳು ತಮ್ಮ ವಿಷವನ್ನೆಲ್ಲ ಒಂದರ ಕೊಂಡಿಗೆ ತುಂಬಿಸಿ, ಶ್ರೀಮಂತಳ ಮಗುವನ್ನು ಕುಟುಕಿಸುತ್ತವೆ. ತಾಯಿ ಬೀದಿಯಲ್ಲಿ ಗೋಳಿಡುತ್ತಾಳೆ, ಯಾರೂ ಬರುವುದಿಲ್ಲ. ಕೊನೆಗೆ ಬರುವವಳು ಐಸಿಸಳೇ. ಮಗು ಏನು ತಪ್ಪು ಮಾಡಿದೆ ಎಂದು ಮರುಗಿ, ಒಂದೊಂದು ಚೇಳನ್ನೂ ಹೆಸರು ಹಿಡಿದು ಕರೆದು ವಿಷ ಇಳಿಸುತ್ತಾಳೆ. ನಾಚಿದ ಶ್ರೀಮಂತೆ ತನ್ನ ಸೊತ್ತನ್ನು ಬಡ ಹುಡುಗಿಗೆ ಕೊಡುತ್ತಾಳೆ.

ಇಂಥ ಕಲ್ಲುಗಳ ಮೇಲೆ ನೀರು ಹೊಯ್ದು, ಅಕ್ಷರ ತೊಳೆದ ಆ ನೀರನ್ನು ಚೇಳು ಕುಟುಕಿದವರಿಗೆ ಕುಡಿಸುತ್ತಿದ್ದರು. ವಿಷ ಇಳಿಯುತ್ತಿತ್ತೋ ಇಲ್ಲವೋ ನಾನು ಹೇಳಲಾರೆ, ಇಳಿಯಲಿಕ್ಕಿಲ್ಲ. ಆದರೆ ಆ ಶಬ್ದಗಳಿಗೆ ಅರ್ಥವಿತ್ತು, ಅದನ್ನು ಓದಬಲ್ಲವರೂ ಇದ್ದರು. ಅವರ ಪುರೋಹಿತನ ಹುದ್ದೆಯ ಹೆಸರೇ 'ಗ್ರಂಥ ಹಿಡಿದವನು' ಎಂಬರ್ಥದ್ದು. ಓದುವುದೇ ಅವನ ಶಕ್ತಿ. ಅರ್ಥ ಮುಖ್ಯವಲ್ಲ ಎಂದು ಅವನ ಎದುರು ಹೇಳಿದ್ದರೆ ದೇವಾಲಯದಿಂದ ಹೊರಗೆ ಹಾಕುತ್ತಿದ್ದನೇನೋ.

ಆಗಲೂ ವ್ಯಾಪಾರವಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಇತ್ತು, ಮುಚ್ಚಿಡುವುದೇಕೆ? 'ಸತ್ತವರ ಪುಸ್ತಕ'ದ ಸುರುಳಿಗಳನ್ನು ಮೊದಲೇ ಬರೆದಿಟ್ಟು, ಹೆಸರಿನ ಜಾಗ ಖಾಲಿ ಬಿಟ್ಟು, ಕೊಂಡವರ ಹೆಸರು ತುಂಬಿಸಿ ಕೊಡುತ್ತಿದ್ದರು. ಥೇಟು ನಮ್ಮ ಬೇಂಕಿನ ಅರ್ಜಿ ಫಾರಮಿನಂತೆ. ಲಂಡನ್ನಿನಲ್ಲಿರುವ ಪ್ರಸಿದ್ಧ ಆನಿಯ ಸುರುಳಿಯಲ್ಲೇ ಹೆಸರನ್ನು ಹಾಗೆ ತುಂಬಿಸಿದ ಭಾಗಗಳಿವೆ. ಪರಲೋಕದ ತಕ್ಕಡಿಯಲ್ಲಿ ತೂಗುವಾಗ ಸ್ವಂತ ಹೃದಯವೇ ತನ್ನ ವಿರುದ್ಧ ಸಾಕ್ಷಿ ಹೇಳಬಾರದೆಂದು ಕಲ್ಲಿನ ಜೀರುಂಡೆಯ ಮೇಲೆ ಮಂತ್ರ ಕೆತ್ತಿಸಿ ಎದೆಯ ಮೇಲಿಡುತ್ತಿದ್ದರು. (ಆಡಿಟಿನ ದಿನ ನಮ್ಮ ಶಾಖೆಯಲ್ಲೂ ಇಂಥದೊಂದು ಇದ್ದರೆ ಎಂದು ಎಷ್ಟೋ ಸಲ ಅನ್ನಿಸಿದ್ದಿದೆ.) ಕೇಡಿನ ಮಾಟವೂ ಇತ್ತು. ಮೂರನೆಯ ರಾಮ್ಸೆಸ್ ಅರಸನನ್ನು ಕೊಲ್ಲಲು ಅಂತಃಪುರದಲ್ಲಿ ಸಂಚು ನಡೆದಾಗ ಮೇಣದ ಬೊಂಬೆಗಳನ್ನು ಬಳಸಿದರೆಂದು ವಿಚಾರಣೆಯ ಕಡತಗಳಲ್ಲೇ ಇದೆ. 2012ರಲ್ಲಿ ಪ್ರಕಟವಾದ ಸಿ.ಟಿ. ಸ್ಕ್ಯಾನ್ ಪರೀಕ್ಷೆಯಂತೆ ಆ ಅರಸನ ಕುತ್ತಿಗೆ ಆಳವಾಗಿ ಕೊಯ್ದಿತ್ತು. ಬೊಂಬೆಯ ಜತೆಗೆ ಚೂರಿಯನ್ನೂ ಇಟ್ಟುಕೊಂಡಿದ್ದರು ಎಂದಾಯಿತು.

ಈಗ ಹುಡುಗನ ಕಾರ್ಡಿಗೆ ಬರೋಣ. ಅದು ಎಲ್ಲಿಂದ ಬಂತು?

ನೈಲ್ ನದಿಯ ಫಿಲೆ ಎಂಬ ದ್ವೀಪದಲ್ಲಿ ಐಸಿಸ್ ದೇವಾಲಯವಿತ್ತು. ಅಲ್ಲಿಯ ಗೋಡೆಯಲ್ಲಿ ಒಬ್ಬ ಪೂಜಾರಿ ಕೆತ್ತಿದ ಬರಹ ನಮಗೆ ತಿಳಿದಿರುವ ಚಿತ್ರಲಿಪಿಯ ಕೊನೆಯ ಬರಹ: ಕ್ರಿ.ಶ. 394, ಆಗಸ್ಟ್ 24. ಅದೇ ಭಾಷೆಯ ದಿನಬಳಕೆಯ ಲಿಪಿಯಾದ ಡೆಮೊಟಿಕ್‌ನ ಕೊನೆಯ ಬರಹ 452ರದ್ದು, ಅದೂ ಅಲ್ಲಿಯದೇ. ಮೂರು ಸಾವಿರ ವರ್ಷಕ್ಕೂ ಮಿಕ್ಕಿ ಬದುಕಿದ್ದ ಬರಹ ಕೊನೆಗೆ ಒಂದು ದ್ವೀಪದ ಕೆಲವೇ ಮನೆಯವರ ಕೈಯಲ್ಲಿ ಉಳಿದು, ಅವರೊಡನೆ ಹೋಯಿತು. ಆ ಪೂಜಾರಿಯ ಮೊಮ್ಮಗನೋ ಮರಿಮಗನೋ ಒಂದು ದಿನ ಗೋಡೆ ನೋಡಿ, ಇದು ಮಂತ್ರವಾ ಎಂದು ಕೇಳಿರಬೇಕು.

ಅಲ್ಲಿಂದ ಶುರುವಾಯಿತು ಊಹೆಯ ಕಾಲ. ಓದಲು ಬಾರದ ಅಕ್ಷರಕ್ಕೆ ಯಾರು ಏನು ಅರ್ಥ ಹೇಳಿದರೂ ಅಲ್ಲವೆನ್ನಲು ಜನವಿಲ್ಲ. ಹದಿನೇಳನೆಯ ಶತಮಾನದಲ್ಲಿ ರೋಮಿನ ಮಹಾಪಂಡಿತ ಅಥನಾಸಿಯಸ್ ಕಿರ್ಖರ್ ಒಂದು ಸ್ತಂಭದ ಮೇಲಿದ್ದ ಏಪ್ರಿಯೆಸ್ ಎಂಬ ಅರಸನ ಬರಿಯ ಹೆಸರಿಗೆ ಒಸಿರಿಸ್ ದೇವರ ಅನುಗ್ರಹ ಪಡೆಯುವ ವಿಧಿಯ ಬಗ್ಗೆ ಉದ್ದದ ವಾಕ್ಯವನ್ನೇ ಅರ್ಥವಾಗಿ ಕೊಟ್ಟ. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಿನ್ ಎಂಬಾತ ಟ್ಯಾರೋ ಎಲೆಗಳು ಈಜಿಪ್ಟಿನ ಗುಪ್ತಗ್ರಂಥದ ಹಾಳೆಗಳೆಂದು ಸಾರಿದ. ಅವು ಹದಿನೈದನೆಯ ಶತಮಾನದ ಇಟಲಿಯಲ್ಲಿ ಹುಟ್ಟಿದ ಇಸ್ಪೀಟಿನಂಥ ಆಟದ ಎಲೆಗಳು. ಇದನ್ನು ಸಾರಿದಾಗ ಲೋಕದಲ್ಲಿ ಒಬ್ಬನಿಗೂ ಈಜಿಪ್ಟಿನ ಒಂದು ಸಾಲೂ ಓದಲು ಬರುತ್ತಿರಲಿಲ್ಲ. ಶಾಂಪೊಲಿಯನ್ ಲಿಪಿಯ ಗುಟ್ಟು ಬಿಡಿಸಿದ್ದು 1822ರಲ್ಲಿ. ಆದರೂ ಟ್ಯಾರೋ ಇಂದಿಗೂ 'ಈಜಿಪ್ಟಿನದು' ಎಂದೇ ಮಾರಾಟವಾಗುತ್ತಿದೆ.

ಓದಲು ಬಂದ ಮೇಲಾದರೂ ನಿಂತಿತೇ? ಇಲ್ಲ. 1888ರಲ್ಲಿ ಲಂಡನ್ನಿನಲ್ಲಿ 'ಗೋಲ್ಡನ್ ಡಾನ್' ಎಂಬ ಗುಪ್ತಸಂಘ ಹುಟ್ಟಿತು. ಈಜಿಪ್ಟಿನ ದೇವತೆಗಳು, ಯೆಹೂದ್ಯರ ಕಬ್ಬಾಲಾ, ಜ್ಯೋತಿಷ, ಟ್ಯಾರೋ ಎಲ್ಲ ಒಂದೇ ಹಂಡೆಯಲ್ಲಿ ಬೆಂದವು. ಅಲ್ಲಿ ಪಳಗಿದ ಅಲಿಸ್ಟರ್ ಕ್ರೌಲಿ 1904ರಲ್ಲಿ ಕೈರೋದ ಮ್ಯೂಸಿಯಮಿನಲ್ಲಿ ಒಬ್ಬ ಪುರೋಹಿತನ ಸ್ಮಾರಕ ಫಲಕ ನೋಡಿದ. ಅದರ ಪ್ರದರ್ಶನ ಸಂಖ್ಯೆ 666. ಬೈಬಲ್ಲಿನಲ್ಲಿ ಬರುವ ಮೃಗದ ಸಂಖ್ಯೆ ಇದೇ ಎಂದು ರೋಮಾಂಚನಗೊಂಡು, ಮ್ಯೂಸಿಯಮಿನವರಿಂದಲೇ ಫಲಕದ ಅನುವಾದ ಮಾಡಿಸಿಕೊಂಡು, ಹೊಸದೊಂದು ಮತವನ್ನೇ ಕಟ್ಟಿದ. ಆ ಸಂಖ್ಯೆ ಹಾಕಿದವನು ಪಟ್ಟಿ ಬರೆಯುವ ಯಾವನೋ ನನ್ನಂಥ ಗುಮಾಸ್ತ. ದಿನಕ್ಕೆ ನೂರು ಟೋಕನ್ ಕೊಡುವ ನನಗೆ ಇದನ್ನು ಓದಿದಾಗ ಉಸಿರು ಕಟ್ಟುವಷ್ಟು ನಗೆ ಬಂತು. ಇನ್ನು ಪಿರಮಿಡ್ಡಿನ ಆಕಾರದೊಳಗೆ ಕ್ಷೌರದ ಬ್ಲೇಡು ಹರಿತವಾಗುತ್ತದೆಂದು ಚೆಕ್ ದೇಶದ ಒಬ್ಬ ಇಂಜಿನಿಯರು 1959ರಲ್ಲಿ ಪೇಟೆಂಟು ಪಡೆದ. ನಮ್ಮ ವಾಸ್ತು ಅಂಗಡಿಗಳ ತಾಮ್ರದ ಪಿರಮಿಡ್ಡು ಈ ಬ್ಲೇಡಿನ ದಾಯಾದಿ, ಅರಸ ಖುಫುವಿನ ಸಂತಾನವಲ್ಲ. ಖುಫುವಿನ ಪಿರಮಿಡ್ಡು ಸಮಾಧಿ. ಅದನ್ನು ಮೇಜಿನ ಮೇಲಿಟ್ಟು ಅಭಿವೃದ್ಧಿ ಬಯಸುವವರ ಧೈರ್ಯ ಮೆಚ್ಚಬೇಕು.

ಈಜಿಪ್ಟಿನ ದೇವತೆಗಳನ್ನು ಇಂದು ಪೂಜಿಸುವವರೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಅಮೆರಿಕ ಮತ್ತು ಯೂರೋಪಿನಲ್ಲಿ ಆ ಹಳೆಯ ಭಾಷೆಯ ವ್ಯಾಕರಣವನ್ನು ಕಷ್ಟಪಟ್ಟು ಕಲಿತು, ಶಾಸನಗಳನ್ನು ಓದಿ, ಮನೆಯಲ್ಲೊಂದು ಸಣ್ಣ ಪೀಠವಿಟ್ಟು ನೀರು ಮತ್ತು ರೊಟ್ಟಿ ನೈವೇದ್ಯ ಮಾಡುವವರಿದ್ದಾರೆ. ಅವರ ಭಕ್ತಿ ಅವರದು. ಕಲಿತವರೊಡನೆ ನನ್ನ ಜಗಳವಿಲ್ಲ. ಕಲಿಯುವುದು ಬೇಡವೆಂದು ಕಲಿಸಿ ದುಡ್ಡು ವಸೂಲು ಮಾಡುವವರೊಡನೆ ಜಗಳ.

ಇನ್ನೊಂದು ಸಂಗತಿ. ಈಜಿಪ್ಟಿಗೂ ನಮ್ಮ ಕರಾವಳಿಗೂ ನಿಜವಾದ ನಂಟೊಂದಿದೆ. 18,000 ಕೊಟ್ಟರೂ ಯಾವ ದೀಕ್ಷಾಗುರುವೂ ಅದನ್ನು ಹೇಳಲಿಲ್ಲ. ಆಕ್ಸಿರಿಂಕಸ್ ಎಂಬ ಊರಿನ ಕಸದ ರಾಶಿಯಲ್ಲಿ ಸಿಕ್ಕಿ 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನದಲ್ಲಿ, ಭಾರತದ ಕರಾವಳಿಯ ಅರಸನೊಬ್ಬನೂ ಅವನ ಕಡೆಯವರೂ ಗ್ರೀಕರಿಗೆ ತಿಳಿಯದ ಏನೋ ಮಾತಾಡುತ್ತಾರೆ. ಅದು ಕನ್ನಡವೇ ಎಂದು 1904ರಲ್ಲಿ ಹುಲ್ಟ್ಷ್ ಎತ್ತಿದ ಪ್ರಶ್ನೆಯನ್ನು ಮುಂದೆ ಆರ್. ಶಾಮಶಾಸ್ತ್ರಿಗಳು ಬೆಳೆಸಿದರು; ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಅದಕ್ಕೆ ತಲೆಕೊಟ್ಟರು; ತುಳುವೆಂದು ವಾದಿಸಿದವರೂ ಇದ್ದಾರೆ. ಜಗಳ ಇನ್ನೂ ತೀರಿಲ್ಲ. ಮಲಯಾಳಂ ಬಂಧುಗಳಿಗೂ ಪಾಲಿದೆ: ವಿಯೆನ್ನಾದಲ್ಲಿರುವ ಎರಡನೆಯ ಶತಮಾನದ ಪಪೈರಸ್ಸೊಂದು ಮುಜಿರಿಸ್ ಬಂದರಿನ ಸರಕಿಗೆ ಸಂಬಂಧಿಸಿದ ಸಾಲದ ಕರಾರು. ಸರಕೇ ಅಡವು, ಗಡುವಿನೊಳಗೆ ಕಟ್ಟದಿದ್ದರೆ ಸಾಲ ಕೊಟ್ಟವನಿಗೆ ಅದರ ಮೇಲೆ ಹಕ್ಕು. ಮಂತ್ರವಲ್ಲ, ಲೆಕ್ಕ. ನನಗೆ ರೋಮಾಂಚನವಾದದ್ದು ಇದನ್ನು ಓದಿದಾಗ.

ಮುಖ್ಯ ಮಾತು ಉಳಿದಿದೆ. ಶಾಂಪೊಲಿಯನ್ನಿಗೆ ಬೀಗದ ಕೈ ಎಲ್ಲಿ ಸಿಕ್ಕಿತು? ರೊಸೆಟ್ಟಾ ಕಲ್ಲೊಂದೇ ಸಾಲಲಿಲ್ಲ. ಅವನಿಗೆ ಕಾಪ್ಟಿಕ್ ಬರುತ್ತಿತ್ತು. ಅದು ಪ್ರಾಚೀನ ಈಜಿಪ್ಟಿನ ಭಾಷೆಯ ಕೊನೆಯ ರೂಪ. ದೇಶವೆಲ್ಲ ಅರಬ್ಬಿ ಮಾತಾಡತೊಡಗಿದ ಮೇಲೂ ಅಲ್ಪಸಂಖ್ಯಾತ ಕಾಪ್ಟ್ ಕ್ರೈಸ್ತರು ಅದನ್ನು ಇಗರ್ಜಿಯ ಪ್ರಾರ್ಥನೆಯಲ್ಲಿ ಉಳಿಸಿಕೊಂಡಿದ್ದರು. ಪ್ಯಾರಿಸ್ಸಿನಲ್ಲಿದ್ದ ಕಾಪ್ಟ್ ಪಾದ್ರಿಯೊಬ್ಬನ ಬಳಿ ಆತ ಪಾಠ ಹೇಳಿಸಿಕೊಂಡಿದ್ದ. 'ರ' ಎಂದರೆ ಸೂರ್ಯ ಎಂದು ಅದರಿಂದ ತಿಳಿದದ್ದಕ್ಕೇ ರಾಮ್ಸೆಸ್ ಎಂಬ ಹೆಸರು ಓದಲಾಯಿತು. ಯಾವ ಗುಪ್ತಸಂಘದಿಂದಲೂ ಆಗದ ಕೆಲಸ ಸಣ್ಣದೊಂದು ಸಮುದಾಯದ ಹಟದಿಂದ ಆಯಿತು. ಆದರೆ ಆ ಸಮುದಾಯವೂ ಭಾಷೆಯನ್ನು ಪ್ರಾರ್ಥನೆಗಷ್ಟೇ ಉಳಿಸಿ, ಅಡುಗೆಮನೆಯಿಂದ, ಅಂಗಡಿಯಿಂದ, ಲೆಕ್ಕದ ಪುಸ್ತಕದಿಂದ ಹೋಗಗೊಟ್ಟಿತು. ಭಜನೆ ಮತ್ತು ಯಕ್ಷಗಾನದಲ್ಲಿ ಕನ್ನಡ ಇದೆಯಲ್ಲ, ಅಷ್ಟು ಸಾಕು ಎನ್ನುವ ನಮ್ಮ ಹಿರಿಯರು ಕಾಪ್ಟರ ಈ ಕಥೆಯನ್ನು ಪೂರ್ತಿ ಓದಬೇಕು.

1956ರಿಂದ ನಾವು ಸರಕಾರವನ್ನು ಬೈಯುತ್ತಾ ಬಂದಿದ್ದೇವೆ. ಬೈಯಲು ಕಾರಣಗಳಿವೆ, ಇನ್ನೂ ಬೈಯೋಣ. ಆದರೆ ಅಕ್ಕನ ಮಗನನ್ನು ಕನ್ನಡ ಓದಬೇಡವೆಂದು ಸರಕಾರ ತಡೆಯಲಿಲ್ಲ. ಹತ್ತಿರದಲ್ಲೇ ಕನ್ನಡ ಶಾಲೆಯಿತ್ತು. ಕನ್ನಡ ಓದಿ ಏನು ಸಿಗುತ್ತದೆ ಎಂದು ಭಾವ ಕೇಳಿದರು, ನಾವೆಲ್ಲ ಹೌದೆಂದೆವು. ನನ್ನ ಮಗಳೂ ಇಂಗ್ಲಿಷು ಮಾಧ್ಯಮದವಳೇ. ಅವಳ ಮಟ್ಟಿಗೆ ಈ ಲೇಖನವನ್ನು ನಾನೇ ಓದಿ ಹೇಳಬೇಕು. ಇದನ್ನು ಬರೆಯುವಾಗ ಕೈ ನಡುಗದೆ ಇರುವುದಿಲ್ಲ. ನಮ್ಮ ಅಟ್ಟಗಳಲ್ಲಿರುವ ಪಾಲುಪಟ್ಟಿ, ನಾಟಿಮದ್ದಿನ ಟಿಪ್ಪಣಿ, ಪ್ರಸಂಗದ ಪ್ರತಿ, ಅಜ್ಜಿಗೆ ಬಂದ ಕಾಗದ, ಎಲ್ಲವನ್ನೂ ಎರಡೂ ಕೈಯಲ್ಲಿ ಹಿಡಿದು ಮಂತ್ರವಾ ಎಂದು ಕೇಳುವ ತಲೆಮಾರನ್ನು ಬೆಳೆಸಿದವರು ನಾವೇ. ಅವರಿಗೆ ಇನ್ನೊಬ್ಬರ ಓದಲಾಗದ ಅಕ್ಷರದಲ್ಲಿ ಮುಕ್ತಿ ಕಂಡರೆ ಆಶ್ಚರ್ಯವೇನು? ಸ್ವಂತ ಅಕ್ಷರವೂ ಓದಲಾಗದ್ದೇ ಆಗಿರುವಾಗ, ಬಣ್ಣದ ಚಿತ್ರವಿರುವುದನ್ನೇ ಆರಿಸಿಕೊಳ್ಳುತ್ತಾರೆ.

ಹುಡುಗ ಮೊನ್ನೆ ಫೋನು ಮಾಡಿದ್ದ. ಕಾರ್ಡಿನಲ್ಲಿ ಏನು ಬರೆದಿದೆ ಎಂದು ಕಳಿಸಿದವರನ್ನು ವಿಚಾರಿಸಿದನಂತೆ. ಮುಂದಿನ ಹಂತದ ದೀಕ್ಷೆಯಲ್ಲಿ ತಿಳಿಸುತ್ತಾರಂತೆ, ಶುಲ್ಕ ಬೇರೆ. ವಿಷುವಿಗೆ ಬರುತ್ತೇನೆ, ಅಜ್ಜನ ಪುಸ್ತಕ ತೆಗೆದಿಡಿ ಮಾವ ಎಂದ. ತೆಗೆದಿಟ್ಟಿದ್ದೇನೆ. ಮಗಳನ್ನೂ ಜತೆಗೆ ಕೂರಿಸುವುದೆಂದು ನಿಶ್ಚಯಿಸಿದೆ. ಮೊದಲ ಪುಟ ಗಾಡಿ ಬಾಡಿಗೆಯದು, ಎರಡು ರೂಪಾಯಿ ಆರಾಣೆ. ಅಲ್ಲಿಂದ ಶುರು ಮಾಡಬೇಕು.