ಕೊಟ್ಟ ಮಾತು ಯಾರ ಸೊತ್ತು?



‘ಮಾತು ಕೊಡುವುದು’ ಎಂಬ ನಮ್ಮ ನುಡಿಗಟ್ಟು ಬಹು ಅರ್ಥಗರ್ಭಿತವಾದುದು. ಒಮ್ಮೆ ಕೊಟ್ಟ ವಸ್ತುವಿನ ಮೇಲೆ ಕೊಟ್ಟವನಿಗೆ ಹಕ್ಕು ಉಳಿಯುವುದಿಲ್ಲ. ಹೊಲವನ್ನು ದಾನವಿತ್ತವನು ಮರುವರ್ಷ ಅದರಲ್ಲಿ ಬಿತ್ತಲು ಕೂರಿಗೆ ಹೂಡಲಾರನು. ಅಂತೆಯೇ ಕೊಟ್ಟ ಮಾತು ಪಡೆದವರ ಸೊತ್ತಾಗುತ್ತದೆ. ಅದನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ಹಿಗ್ಗಿಸುವ, ಕುಗ್ಗಿಸುವ ಅಧಿಕಾರ ನಮಗಿರುವುದಿಲ್ಲ.

ಪುಣ್ಯಕೋಟಿಯ ಕಥೆಯನ್ನು ಅರಿಯದ ಕನ್ನಡದ ಮನೆಯುಂಟೆ? ಆ ಹಸು ಮಾತು ಕೊಟ್ಟದ್ದು ತನ್ನನ್ನು ಕೊಲ್ಲಲು ನಿಂತ ಹುಲಿಗೆ. ಹಿಂತಿರುಗದಿದ್ದರೆ ಲೋಕ ಅದನ್ನು ಹಳಿಯುತ್ತಿರಲಿಲ್ಲ. ಆದರೂ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸಿ ಅದು ಹುಲಿಯ ಗವಿಗೆ ಮರಳಿತು. ಮಾತು ಪಡೆದವನು ಹಗೆಯೋ ಗೆಳೆಯನೋ ಎಂಬುದನ್ನು ನೋಡಿ ಸತ್ಯ ತನ್ನ ಬೆಲೆಯನ್ನು ಬದಲಿಸಿಕೊಳ್ಳುವುದಿಲ್ಲವೆಂಬುದು ಆ ಹಾಡಿನ ತಿರುಳು.

ಇದು ಕಥೆಯ ಮಾತಾಯಿತು, ಬಾಳಿನಲ್ಲಿ ಸಾಧ್ಯವೆ ಎಂದು ಕೇಳುವವರಿದ್ದಾರೆ. ಅಂಥವರು ಗಾಂಧೀಜಿಯವರ ಆತ್ಮಕಥೆಯ ಲಂಡನ್ ವಾಸದ ಅಧ್ಯಾಯಗಳನ್ನು ಓದಬೇಕು. 1888ರಲ್ಲಿ ಬ್ಯಾರಿಸ್ಟರ್ ವ್ಯಾಸಂಗಕ್ಕಾಗಿ ಹೊರಟಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮಗನು ಪರದೇಶದಲ್ಲಿ ಕೆಟ್ಟಾನೆಂಬ ಅಂಜಿಕೆ ತಾಯಿ ಪುತಲೀಬಾಯಿಯವರದು. ಮದ್ಯ, ಮಾಂಸ, ಪರಸ್ತ್ರೀ ಇವನ್ನು ಮುಟ್ಟೆನೆಂದು ಬೇಚರ್ಜಿ ಸ್ವಾಮಿ ಎಂಬ ಜೈನ ಸಾಧುವಿನ ಮುಂದೆ ಆಣೆಯಿಟ್ಟ ಮೇಲೆಯೇ ಅವರು ಒಪ್ಪಿಗೆಯಿತ್ತರು.

ಲಂಡನ್ನಿನಲ್ಲಿ ಹಸಿವು ಕಾಡಿತು. ಓದುಬರಹ ಬಾರದ ತಾಯಿಯ ಮುಂದೆ, ಇಲ್ಲಿಯ ಸ್ಥಿತಿ ತಿಳಿಯದೆ ಮಾಡಿದ ಆಣೆಗೆ ಬೆಲೆಯೇನೆಂದು ಗೆಳೆಯರೊಬ್ಬರು ವಾದಿಸಿದರು. ವಾದದಲ್ಲಿ ಗೆಲ್ಲಲಾರೆ, ಆದರೆ ಆಣೆಯನ್ನು ಮುರಿಯಲಾರೆ ಎಂಬುದಷ್ಟೇ ಆ ತರುಣನ ಉತ್ತರವಾಗಿತ್ತು. ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದು ಹುಡುಕಿ, ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಸಸ್ಯಾಹಾರದ ಊಟದ ಮನೆಯನ್ನು ಕಂಡರು. ಅಲ್ಲಿಯೇ ಕೊಂಡ ಸಾಲ್ಟ್ ಎಂಬವರ ಪುಸ್ತಕವನ್ನೋದಿ, ಅದುವರೆಗೆ ಆಣೆಗಾಗಿ ಪಾಲಿಸಿದ್ದನ್ನು ಅಂದಿನಿಂದ ನಂಬಿಕೆಯಿಂದ ಪಾಲಿಸತೊಡಗಿದರು. ಮಾತನ್ನು ಕಾದವನನ್ನು ಮಾತೇ ಕಾಯ್ದು ದಾರಿ ತೋರಿತು.

ಆದರೆ ನಮ್ಮ ಮನೆಗಳಿಗೆ ಹೆಚ್ಚಿನ ಪಾಠವಿರುವುದು ಮುಂದಿನ ಪ್ರಸಂಗದಲ್ಲಿ. ಮೊಟ್ಟೆ ಮಾಂಸವಲ್ಲವೆಂದು ಅಲ್ಲಿ ಕೆಲವರು ಹೇಳುತ್ತಿದ್ದರು. ಆ ಮಾತಿಗೆ ಒಲಿದು ಗಾಂಧೀಜಿ ಕೆಲಕಾಲ ಮೊಟ್ಟೆಯನ್ನು ತಿಂದರು. ಬೇಗನೆ ಎಚ್ಚೆತ್ತರು. ಆಣೆ ಮಾಡಿಸಿದವಳು ತಾಯಿ. ಆಕೆಯ ಮನಸ್ಸಿನಲ್ಲಿ ಮೊಟ್ಟೆಯೂ ಮಾಂಸವೇ. ಆದ್ದರಿಂದ ಆಕೆಯ ಅರ್ಥವೇ ತನಗೆ ಕಟ್ಟು ಎಂದು ತಿಳಿದು ಅದನ್ನು ತ್ಯಜಿಸಿದರು. 1891ರಲ್ಲಿ ತಾಯ್ನಾಡಿಗೆ ಮರಳಿದಾಗ ತಾಯಿ ಆಗಲೇ ತೀರಿಕೊಂಡಿದ್ದ ಸುದ್ದಿ ತಿಳಿಯಿತು. ಯಾರ ಕಣ್ಣಿಗೂ ಬೀಳದ ದೂರದಲ್ಲಿ, ಕೇಳುವ ಜೀವವೇ ಇಲ್ಲವಾದ ಮೇಲೆಯೂ ಆ ಮಾತು ಉಳಿದಿತ್ತು.

ಇದೇ ಮಹಾತ್ಮರು ಹಾಲನ್ನು ಬಿಡುವ ವ್ರತ ತೊಟ್ಟಿದ್ದರು. 1918ರಲ್ಲಿ ಕಾಯಿಲೆಯಿಂದ ದೇಹ ಬಹಳ ಕುಗ್ಗಿದಾಗ, ಹಾಲಿಲ್ಲದೆ ಚೇತರಿಕೆಯಿಲ್ಲವೆಂದು ವೈದ್ಯರು ಹೇಳಿದರು. ವ್ರತ ತೊಡುವಾಗ ಮನಸ್ಸಿನಲ್ಲಿದ್ದುದು ಹಸು, ಎಮ್ಮೆಗಳ ಹಾಲೆಂದುಕೊಂಡು ಅವರು ಆಡಿನ ಹಾಲನ್ನು ಕುಡಿದರು. ಆದರೆ ವ್ರತದ ಅಕ್ಷರ ಉಳಿದು ಆತ್ಮ ಹೋಯಿತೆಂಬ ಕೊರಗನ್ನು ಅವರು ಬರೆದಿಟ್ಟಿದ್ದಾರೆ. ದೊಡ್ಡವರು ನೆಪವನ್ನು ನೆಪವೆಂದೇ ಕರೆಯುತ್ತಾರೆ.

ನಾವಾದರೋ ದಿನವೂ ನೆಪಗಳ ಆಡಿನ ಹಾಲನ್ನು ಕುಡಿದು ನಿಶ್ಚಿಂತರಾಗಿರುತ್ತೇವೆ. ‘ನಾಳೆ ಕೊಡುತ್ತೇನೆಂದಿದ್ದೆ, ಯಾವ ನಾಳೆಯೆಂದು ಹೇಳಿರಲಿಲ್ಲ’ ಎಂದು ಕೈಗಡ ಪಡೆದವನು ನಗುತ್ತಾನೆ. ನಿಶ್ಚಯದ ದಿನ ‘ನಮಗೇನೂ ಬೇಡ’ ಎಂದ ಬೀಗರು ಲಗ್ನ ಹತ್ತಿರವಾದಂತೆ ‘ನಿಮ್ಮ ಮಗಳಿಗೆ ನಿಮ್ಮ ಇಚ್ಛೆ’ ಎಂದು ಬಾಯಿ ತೆರೆಯುತ್ತಾರೆ. ಸೊಸೆಯನ್ನು ಮುಂದಕ್ಕೆ ಓದಿಸುವೆವೆಂದವರು ಮದುವೆಯಾದ ಮೇಲೆ ಮರೆಯುತ್ತಾರೆ. ಹಬ್ಬಕ್ಕೆ ಬರುವೆನೆಂದ ಮಗನಿಗಾಗಿ ಹಳ್ಳಿಯ ತಾಯಿ ಹೋಳಿಗೆ ಮಾಡಿ ಬಾಗಿಲು ಕಾಯುತ್ತಾಳೆ. ಇಲ್ಲೆಲ್ಲ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದೇ: ನನ್ನ ಮಾತನ್ನು ಕೇಳಿದವರು ಅದನ್ನು ಹೇಗೆ ತಿಳಿದುಕೊಂಡರು?

ಮಕ್ಕಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಅಳು ನಿಲ್ಲಿಸಲೆಂದು ಆಡಿದ ‘ಜಾತ್ರೆಗೆ ಕರೆದೊಯ್ಯುತ್ತೇನೆ’ ಎಂಬ ಮಾತು ನಮಗೆ ಉಪಾಯ. ಮಗುವಿಗೆ ಅದೇ ಪ್ರಮಾಣ. ಅದು ಹುಸಿಯಾದ ದಿನ ಮಗು ಕಲಿಯುವುದೆಂದರೆ, ದೊಡ್ಡವರು ಹೀಗೂ ಮಾತನಾಡಬಹುದೆಂಬುದು. ಮುಂದೆ ಅದೇ ಮಗು ಬೆಳೆದು ನಮಗೆ ಹೇಳುವ ‘ಆಗಲಿ ಅಪ್ಪ, ನೋಡೋಣ’ ಎಂಬ ಉತ್ತರ ನಾವು ಬಿತ್ತಿದ ಬೀಜದ ಫಲವೇ.

ನೀಗದ ಮಾತನ್ನು ಕೊಡದಿರುವುದು ಮೊದಲ ವಿವೇಕ. ಬರ, ಬೇನೆ, ಬಡತನಗಳಿಂದ ಕೊಟ್ಟ ಮಾತು ನಿಜವಾಗಿಯೂ ನಡೆಯದಾದರೆ, ಗಡುವು ಮುಗಿಯುವ ಮುನ್ನವೇ ಪಡೆದವರ ಮನೆ ಬಾಗಿಲಿಗೆ ಹೋಗಿ ಇದ್ದುದನ್ನು ಇದ್ದಂತೆ ತಿಳಿಸಬೇಕು. ಬಿಡುಗಡೆ ಕೊಡುವವರು ಅವರು, ನಾವಲ್ಲ. ನಡೆನುಡಿಗಳು ಒಂದಾಗಬೇಕೆಂದು ಬಸವಾದಿ ಶರಣರು ಬಾಳಿ ತೋರಿದ ನಾಡಿನಲ್ಲಿ, ಈ ಒಂದು ನಿಯಮವನ್ನಾದರೂ ಪ್ರತಿಯೊಂದು ಮನೆಯೂ ಇಂದಿನಿಂದಲೇ ಪಾಲಿಸಲಿ.