ಟೈಟಾನಿಯಂ ಹಲ್ಲಿಗೂ ವಸಡು ಬೇಕು

ಮೆಕ್ಯಾನಿಕಲ್ ಬ್ರಾಂಚಿನ ಯಾರನ್ನಾದರೂ ಕಾರಿಡಾರಿನಲ್ಲಿ ನಿಲ್ಲಿಸಿ ಡೆಂಟಲ್ ಇಂಪ್ಲಾಂಟ್ ಅಂದರೆ ಏನು ಅಂತ ಕೇಳಿ. ‘ಟೈಟಾನಿಯಂ ಸ್ಕ್ರೂ, ದವಡೆ ಮೂಳೆಗೆ ತಿರುಗಿಸ್ತಾರೆ, ಮೇಲೆ ಕ್ಯಾಪ್ ಕೂರಿಸ್ತಾರೆ’ ಅಂತ ಒಂದೇ ಉಸಿರಲ್ಲಿ ಮುಗಿಸ್ತಾರೆ. ತಪ್ಪೇನಿಲ್ಲ. ಇದೇ ಪ್ರಶ್ನೆಯನ್ನ ಬಾಳೆಲೆಯ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೆ ಉತ್ತರ ಬೇರೆ ಬರ್ತದೆ: ‘ಬೆಂಗಳೂರಲ್ಲಿ ಹಾಕ್ತಾರಂತೆ, ಲಕ್ಷಗಟ್ಟಲೆ ಆಗ್ತದಂತೆ, ಒಮ್ಮೆ ಹಾಕಿಸಿದ್ರೆ ಸಾಯೋ ತನಕ ಆ ಕಡೆ ನೋಡೋದೇ ಬೇಡವಂತೆ.’ ಈ ಮೂರು ‘ಅಂತೆ’ಗಳಲ್ಲಿ ಕೊನೆಯದ್ದೇ ಅಪಾಯದ್ದು. ನಮ್ಮ ತಕರಾರು ಇರೋದೂ ಅದರ ಮೇಲೆಯೇ.

ಬಾಳೆಲೆ ಗೊತ್ತಿಲ್ಲದವರಿಗೆ ಒಂದು ಮಾತು. ದಕ್ಷಿಣ ಕೊಡಗು, ಪೊನ್ನಂಪೇಟೆ ತಾಲ್ಲೂಕು. ಒಂದು ಮಗ್ಗುಲಿಗೆ ನಾಗರಹೊಳೆ ಕಾಡು, ಇನ್ನೊಂದು ಮಗ್ಗುಲಿಗೆ ಕಾಫಿ ತೋಟ, ನಡುವೆ ಗದ್ದೆ, ಪಕ್ಕದಲ್ಲೇ ಲಕ್ಷ್ಮಣತೀರ್ಥ. ಸಂಜೆಯಾದರೆ ಆನೆ ಭಯ, ಮಳೆಗಾಲದಲ್ಲಿ ನೀರಿನ ಭಯ. ನಮ್ಮ ಕ್ಲಬ್ಬಿನಲ್ಲಿ ಆ ಕಡೆಯವರು ಕೆಲವರಿದ್ದೇವೆ, ಹಾಗಾಗಿ ಈ ಮಾತು. ಜಿಲ್ಲೆಯಲ್ಲಿ ಹಲ್ಲಿನ ಆಸ್ಪತ್ರೆ ಇಲ್ಲ ಅಂತೇನೂ ಅಲ್ಲ. ವಿರಾಜಪೇಟೆ ಹತ್ತಿರ ಮಗ್ಗುಲದಲ್ಲಿ 1999ರಿಂದ ಒಂದು ಡೆಂಟಲ್ ಕಾಲೇಜೇ ಇದೆ. ಆದರೆ ಬಾಳೆಲೆಯಿಂದ ಪೊನ್ನಂಪೇಟೆ, ಗೋಣಿಕೊಪ್ಪ ದಾಟಿ ಅಲ್ಲಿಗೆ ಹೋಗಿ, ಚೀಟಿ ಮಾಡಿಸಿ, ಕಾದು, ಬಾಯಿ ತೋರಿಸಿ, ಮತ್ತೆ ಬಸ್ಸು ಹಿಡಿದು ಕತ್ತಲಾಗೋ ಮೊದಲು ಮನೆ ಸೇರಬೇಕು ಅಂದರೆ ಒಂದು ದಿನ ಹೋಯ್ತು. ತೋಟದ ಲೈನ್ ಮನೆಯಲ್ಲಿರೋರಿಗೆ ಒಂದು ದಿನ ಹೋಯ್ತು ಅಂದರೆ ಒಂದು ದಿನದ ಕೂಲಿ ಹೋಯ್ತು. ಅದಕ್ಕೇ ಅವರು ಹಲ್ಲಿನ ಆಸ್ಪತ್ರೆಗೆ ಹೋಗೋದು ಒಂದೇ ಸಲ, ಕೀಳಿಸೋಕೆ. ಒಂದೇ ಭೇಟಿಯಲ್ಲಿ ಮುಗಿಯೋ ಚಿಕಿತ್ಸೆ ಅದೊಂದೇ ತಾನೇ.

ಈಗ ಸ್ಕ್ರೂ ಕಡೆ ಬರೋಣ. ನಮ್ಮ ಜನಕ್ಕೆ ಅದರ ಬಗ್ಗೆ ಗೌರವ ಇರಬೇಕಾದ್ದೇ. 1952ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಅನ್ನೋ ಸಂಶೋಧಕ ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತೆ ಅಂತ ನೋಡೋಕೆ ಟೈಟಾನಿಯಂನ ಪುಟ್ಟ ಕೊಳವೆ ಇಟ್ಟರು. ಕೆಲಸ ಮುಗಿದ ಮೇಲೆ ತೆಗೆಯೋಕೆ ಹೋದರೆ ಬರಲಿಲ್ಲ. ಮೂಳೆ ಲೋಹವನ್ನ ತನ್ನದೇ ಅಂತ ಹಿಡಿದುಕೊಂಡಿತ್ತು. ಹಲ್ಲಿನ ಯೋಚನೆ ಆಮೇಲೆ ಬಂದದ್ದು. 1965ರಲ್ಲಿ ಯೋಸ್ಟ ಲಾರ್ಸನ್ ಅನ್ನೋರ ಕೆಳದವಡೆಗೆ ಟೈಟಾನಿಯಂ ಸ್ಕ್ರೂ ಹಾಕಿದರು. ಅವರು 2006ರಲ್ಲಿ ತೀರಿಕೊಳ್ಳೋ ತನಕ ಅವು ಕೆಲಸ ಮಾಡುತ್ತಿದ್ದವು. ನಲವತ್ತು ವರ್ಷ! ನಮ್ಮ ಹಾಸ್ಟೆಲ್ಲಿನ ನಲ್ಲಿ ನಾಲ್ಕು ತಿಂಗಳು ಬರೋದಿಲ್ಲ.

ಅದರ ಹಿಂದಿನ ಲೆಕ್ಕಾಚಾರವೂ ನಮಗೆ ಪರಿಚಯ ಇರೋದೇ. ವರ್ಕ್‌ಶಾಪ್ ಲ್ಯಾಬಿನಲ್ಲಿ ಕೂಲೆಂಟ್ ಇಲ್ಲದೆ ಡ್ರಿಲ್ ಮಾಡಿದರೆ ಬಿಟ್ ಹಾಳಾಗುತ್ತೆ, ದವಡೆಯಲ್ಲಿ ಹಾಗೆ ಮಾಡಿದರೆ ಮೂಳೆ ಸಾಯುತ್ತೆ. ಮೂಳೆಯನ್ನ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇಟ್ಟರೆ ಸಾಕು, ಪೆಟ್ಟು ಬೀಳುತ್ತೆ ಅಂತ 1983ರಲ್ಲೇ ಮೊಲಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಾರೆ. ಅದಕ್ಕೇ ತಣ್ಣನೆ ಸಲೈನ್ ಸುರಿಯುತ್ತಾ, ಸಣ್ಣ ಬಿಟ್‌ನಿಂದ ಶುರು ಮಾಡಿ ಹಂತ ಹಂತವಾಗಿ ತೂತು ದೊಡ್ಡದು ಮಾಡ್ತಾರೆ. ಆಮೇಲೆ ಕಾಯಬೇಕು. ಹಳೇ ಕ್ರಮದಲ್ಲಿ ಕೆಳದವಡೆಗೆ ಮೂರು ತಿಂಗಳು, ಮೃದು ಮೂಳೆಯ ಮೇಲ್ದವಡೆಗೆ ಆರು ತಿಂಗಳು. ಆ ಹೊತ್ತಲ್ಲಿ ಸ್ಕ್ರೂ ಸುಮಾರು 150 ಮೈಕ್ರಾನಿಗಿಂತ ಜಾಸ್ತಿ ಅಲ್ಲಾಡ್ತಾ ಇದ್ದರೆ ಸುತ್ತ ಮೂಳೆ ಬದಲು ನಾರು ಬೆಳೆಯುತ್ತೆ. ಸಿವಿಲ್‌ನವರಿಗೆ ಅರ್ಥ ಆಗೋ ಹಾಗೆ ಹೇಳಬೇಕಂದ್ರೆ, ಕಾಂಕ್ರೀಟು ಗಟ್ಟಿಯಾಗೋ ಮೊದಲೇ ಸೆಂಟ್ರಿಂಗ್ ಬಿಚ್ಚಿದ ಹಾಗೆ. ಈಗ ‘ಒಂದೇ ದಿನದಲ್ಲಿ ಹಲ್ಲು’ ಅಂತ ಬೋರ್ಡುಗಳಿವೆ. ಮೂಳೆ ಚೆನ್ನಾಗಿದ್ದು, ಸ್ಕ್ರೂ ಬಿಗಿಯಾಗಿ ಕೂತರೆ ಅದೂ ಆಗುತ್ತೆ. ಎಲ್ಲರಿಗೂ ಆಗೋದಿಲ್ಲ, ಬೋರ್ಡಿನಲ್ಲಿ ಅದನ್ನ ಬರೆಯೋದೂ ಇಲ್ಲ.

ಇಷ್ಟೆಲ್ಲಾ ಇದ್ದರೂ ಸ್ಕ್ರೂಗೆ ಒಂದು ಕೊರತೆ ಇದೆ. ನಮ್ಮ ಸ್ವಂತ ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿರೋದಿಲ್ಲ. ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರ ಇದೆ. ಅದೇ ಶಾಕ್ ಅಬ್ಸಾರ್ಬರ್, ಅದೇ ಸೆನ್ಸರ್. ಅನ್ನದಲ್ಲಿ ಒಂದು ಸಣ್ಣ ಕಲ್ಲು ಸಿಕ್ಕಿದ ಕೂಡಲೇ ದವಡೆ ತಾನಾಗಿ ನಿಲ್ಲೋದು ಅದರಿಂದ. ಇಂಪ್ಲಾಂಟಿಗೆ ಆ ಪದರ ಇಲ್ಲ. ಭಾರ ನೇರವಾಗಿ ಮೂಳೆಗೆ ಹೋಗುತ್ತೆ, ಸುದ್ದಿ ತಡವಾಗಿ ಮುಟ್ಟುತ್ತೆ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಸ್ವಂತ ಹಲ್ಲಿನ ಕುತ್ತಿಗೆಯಲ್ಲಿ ವಸಡಿನ ನಾರುಗಳು ಬೇರಿನೊಳಗೇ ನಾಟಿಕೊಂಡಿರುತ್ತವೆ, ಬೇಲಿ ಗೂಟ ಹುಗಿದ ಹಾಗೆ. ಟೈಟಾನಿಯಂ ಸುತ್ತ ಅವು ಬರೀ ಬಳಸಿಕೊಂಡು ಹೋಗ್ತವೆ, ಒಳಗೆ ನಾಟೋದಿಲ್ಲ. ಅಂದರೆ ಬೇಲಿ ಇದೆ, ಗೂಟ ಇಲ್ಲ. ಪಾಚಿಯ ಜೊತೆ ಕ್ರಿಮಿ ಒಳಗೆ ಇಳಿದರೆ ತಡೆಯೋರು ಕಮ್ಮಿ. ಸುತ್ತಲಿನ ಮೂಳೆ ಬಟ್ಟಲಿನ ಹಾಗೆ ಕರಗುತ್ತಾ ಹೋಗುತ್ತೆ. ಇದಕ್ಕೆ ಡಾಕ್ಟರುಗಳು ಪೆರಿ-ಇಂಪ್ಲಾಂಟೈಟಿಸ್ ಅಂತಾರೆ. ವಸಡಿನ ರೋಗದಿಂದ ಹಲ್ಲು ಕಳೆದುಕೊಂಡವರಿಗೆ ಇದು ಬರೋ ಸಾಧ್ಯತೆ ಇನ್ನೂ ಹೆಚ್ಚು.

ಆ ವಾಕ್ಯವನ್ನ ಇನ್ನೊಂದು ಸಲ ಓದಿ. ಹಲ್ಲು ಹೋಗೋಕೆ ಏನು ಕಾರಣವೋ ಅದೇ ಕಾರಣಕ್ಕೆ ಇಂಪ್ಲಾಂಟೂ ಹೋಗಬಹುದು. ಟೈಟಾನಿಯಂಗೆ ಹುಳುಕು ಹಿಡಿಯೋದಿಲ್ಲ ನಿಜ, ಆದರೆ ಅದು ನಿಂತಿರೋದು ಅದೇ ಬಾಯಲ್ಲಿ, ಅದೇ ವಸಡಿನ ನಡುವೆ.

ವಸಡಿನ ರೋಗದ ಕೆಟ್ಟ ಗುಣ ಅಂದರೆ ಅದು ನೋಯೋದಿಲ್ಲ. ಹುಳುಕು ಹಲ್ಲು ರಾತ್ರಿ ನಿದ್ದೆಗೆಡಿಸುತ್ತೆ. ವಸಡು ಹಲ್ಲುಜ್ಜುವಾಗ ಒಂದಿಷ್ಟು ರಕ್ತ ತೋರಿಸಿ ಸುಮ್ಮನಾಗುತ್ತೆ. ಎಲೆ-ಅಡಿಕೆ ಜೊತೆ ಹೊಗೆಸೊಪ್ಪು ಹಾಕೋದು, ಬೀಡಿ ಸೇದೋದು ನಮ್ಮ ಕಡೆ ಹೊಸ ವಿಷಯವಲ್ಲ. ಹೊಗೆ ಸೇದೋರಿಗೆ ಆ ರಕ್ತವೂ ಕಮ್ಮಿ ಬರುತ್ತೆ, ಅಂದರೆ ಇದ್ದ ಒಂದು ಎಚ್ಚರಿಕೆ ಗಂಟೆಯೂ ಬಂದ್. ಸಕ್ಕರೆ ಕಾಯಿಲೆ ಇದ್ದರೆ ವಸಡು ಬೇಗ ಕೆಡುತ್ತೆ, ವಸಡು ಕೆಟ್ಟಿದ್ದರೆ ಸಕ್ಕರೆ ಹತೋಟಿಗೆ ಬರೋದೂ ಕಷ್ಟ. ಹಲ್ಲಿಗೂ ವಸಡಿಗೂ ನಡುವಿನ ಸಂದು ಸಾಧಾರಣವಾಗಿ 1ರಿಂದ 3 ಮಿಲಿಮೀಟರ್ ಆಳ ಇರುತ್ತೆ. ಅದು ಐದು, ಆರು ಆಗ್ತಾ ಹೋದರೆ ನಮ್ಮ ಬ್ರಶ್ಶು ಅಲ್ಲಿಗೆ ಮುಟ್ಟೋದೇ ಇಲ್ಲ. ಎಲ್ಲ ಬಿಟ್ಟು ಹಲ್ಲು ಅಲ್ಲಾಡೋಕೆ ಶುರುವಾದಾಗ ಜನ ಬರ್ತಾರೆ.

ಇಲ್ಲೇ ನಮಗೆ ಸಿಟ್ಟು ಬರೋದು. ಅಲ್ಲಾಡೋ ಹಲ್ಲೆಲ್ಲ ಕೀಳಬೇಕಾದ ಹಲ್ಲಲ್ಲ. ಮೊದಲು ಬೇರಿನ ತನಕ ಗಾರೆ ಕೆರೆದು ತೆಗೆಯೋದು. ಅದರಲ್ಲೇ ಎಷ್ಟೋ ವಸಡು ಬಿಗಿಯಾಗುತ್ತೆ. ಆಮೇಲೂ ಸಂದು ಆಳ ಉಳಿದರೆ ವಸಡನ್ನ ಬಿಡಿಸಿ, ಕಣ್ಣಿಗೆ ಕಾಣೋ ಹಾಗೆ ಕ್ಲೀನ್ ಮಾಡಿ, ಹೊಲಿಗೆ ಹಾಕೋದು. ಇದಕ್ಕೆ ಫ್ಲಾಪ್ ಸರ್ಜರಿ ಅಂತಾರೆ. ಮೂಳೆ ಕರಗಿದ ಗುಂಡಿಗೆ ಮೂರು ಕಡೆ ಗೋಡೆ ಇದ್ದರೆ ಮೂಳೆ ಪುಡಿ ತುಂಬಿ, ಮೇಲೆ ಪೊರೆ ಮುಚ್ಚಿ, ಒಂದಷ್ಟು ಮೂಳೆ ಮತ್ತೆ ಬೆಳೆಸಬಹುದು. ಗೋಡೆಯೇ ಇಲ್ಲದೆ ಎಲ್ಲ ಕಡೆ ಸಮನಾಗಿ ತಗ್ಗಿದ್ದರೆ ತುಂಬಿದ್ದು ನಿಲ್ಲೋದು ಕಷ್ಟ, ಗದ್ದೆ ಬದು ಒಡೆದ ಮೇಲೆ ನೀರು ನಿಲ್ಲಿಸೋಕೆ ಹೋದ ಹಾಗೆ. ರೋಗಿಯದ್ದೇ ರಕ್ತವನ್ನ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಸಿಗೋ ಫೈಬ್ರಿನ್ ಗಡ್ಡೆಯನ್ನೂ ಗಾಯದೊಳಗೆ ಇಡ್ತಾರೆ. 2001ರ ಹೊತ್ತಿಗೆ ಫ್ರಾನ್ಸಿನಲ್ಲಿ ಶುರುವಾದ ಈ ವಿಧಾನಕ್ಕೆ ಬೇಕಾದ ಯಂತ್ರ ನಮ್ಮ ಲ್ಯಾಬಿನ ಒಂದು ಮೂಲೆಯಲ್ಲಿ ಕೂರುವಷ್ಟೇ ದೊಡ್ಡದು. ಇವೆಲ್ಲ ಡೆಂಟಲ್ ಕಾಲೇಜುಗಳಲ್ಲಿ ಪಿಜಿ ಹುಡುಗರು ಕಲಿಯೋ ಕೆಲಸಗಳೇ. ಹೊಳೆಯೋ ಜಾಹೀರಾತು ಮಾತ್ರ ಇಂಪ್ಲಾಂಟಿಗೆ. ಗಾರೆ ಕೆರೆಯೋದಕ್ಕೆ ಯಾರು ಹೋರ್ಡಿಂಗ್ ಹಾಕ್ತಾರೆ?

ಈಗ ದೂರದ ವಿಷಯಕ್ಕೆ. ನಮ್ಮಲ್ಲೊಬ್ಬಳ ದೊಡ್ಡಪ್ಪ ಮಗಳ ಮನೆಗೆ ಅಂತ ಬೆಂಗಳೂರಿಗೆ ಹೋದವರು ಅಲ್ಲೇ ಒಂದು ಇಂಪ್ಲಾಂಟ್ ಹಾಕಿಸಿಕೊಂಡು ಬಂದರು. ಎರಡು ವರ್ಷ ಏನೂ ತೊಂದರೆ ಇಲ್ಲ. ಒಂದು ದಿನ ಕ್ಯಾಪ್ ಅಲ್ಲಾಡೋಕೆ ಶುರು. ಒಳಗಿನ ಇಂಪ್ಲಾಂಟ್ ಗಟ್ಟಿಯಾಗೇ ಇತ್ತು, ಕ್ಯಾಪ್ ಹಿಡಿದಿರೋ ಸಣ್ಣ ಸ್ಕ್ರೂ ಸಡಿಲ ಆಗಿತ್ತು. ಪ್ರೀಲೋಡ್ ಕಮ್ಮಿಯಾದರೆ ಬೋಲ್ಟು ಬಿಚ್ಚಿಕೊಳ್ಳುತ್ತೆ ಅಂತ ಮೂರನೇ ಸೆಮಿಸ್ಟರಿನವರಿಗೂ ಗೊತ್ತು. ಟಾರ್ಕ್ ರೆಂಚಿನಲ್ಲಿ 30-35 ನ್ಯೂಟನ್ ಸೆಂಟಿಮೀಟರಿಗೆ ಬಿಗಿ ಮಾಡಿದರೆ ಮುಗಿಯೋ ಹತ್ತು ನಿಮಿಷದ ಕೆಲಸ. ಆದರೆ ಯಾವ ಕಂಪನಿಯ ಸ್ಕ್ರೂ? ಒಂದೊಂದು ಕಂಪನಿಗೆ ಒಂದೊಂದು ಆಕಾರದ ತಲೆ, ಒಂದೊಂದು ಡ್ರೈವರ್. ಒಬ್ಬರದ್ದು ಆರು ಮೂಲೆ, ಇನ್ನೊಬ್ಬರದ್ದು ಮೂರು ಎಸಳು, ಮತ್ತೊಬ್ಬರದ್ದು ಶಂಕುವಿನಾಕಾರದ ಜೋಡಣೆ. ದೊಡ್ಡಪ್ಪನ ಹತ್ತಿರ ಇದ್ದದ್ದು ಒಂದು ಬಿಲ್ಲು, ಅದರಲ್ಲಿ ಬರೆದದ್ದು ‘ಇಂಪ್ಲಾಂಟ್ - 1’. ಇಲ್ಲಿನ ಡಾಕ್ಟರು ಎಕ್ಸ್-ರೇ ನೋಡಿ ಅಂದಾಜು ಮಾಡಿದರು, ಡ್ರೈವರ್ ಕೂರಲಿಲ್ಲ. ಸ್ಕ್ರೂ ತಲೆ ಸವೆದರೆ ಇನ್ನೂ ಫಜೀತಿ ಅಂತ ಅಲ್ಲಿಗೇ ಬಿಟ್ಟರು, ಸರಿಯಾಗೇ ಮಾಡಿದರು. ಹತ್ತು ನಿಮಿಷದ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಬರೋ ಖರ್ಚಾಯಿತು.

ಇಂಜಿನಿಯರಿಂಗ್ ಕಲಿಯೋರಾಗಿ ಇದು ನಮಗೆ ನಾಚಿಕೆ ತರಬೇಕಾದ ವಿಷಯ. ಬೈಕಿನ ನಟ್ಟಿಗೆ ಎಂ-8, ಎಂ-10 ಅಂತ ಲೋಕವೆಲ್ಲ ಒಪ್ಪಿದ ಅಳತೆ ಇದೆ. ಮನುಷ್ಯನ ದವಡೆಯಲ್ಲಿ ನಲವತ್ತು ವರ್ಷ ಇರಬೇಕಾದ ಸ್ಕ್ರೂಗೆ ಕಂಪನಿಗೊಂದು ಬೀಗ, ಕಂಪನಿಗೊಂದು ಕೀ. ಕಂಪನಿ ಮುಚ್ಚಿದರೆ ಕೀ ಎಲ್ಲಿ? ಜೋಡಣೆಯ ಆಕಾರ ಬೇರೆ ಬೇರೆ ಇರೋದಕ್ಕೆ ಯಾಂತ್ರಿಕ ಕಾರಣಗಳೂ ಇವೆ, ಒಪ್ಪೋಣ. ಎಲ್ಲವನ್ನೂ ನಾಳೆಯೇ ಒಂದು ಮಾಡಿ ಅಂತ ನಾವು ಕೇಳ್ತಿಲ್ಲ. ನಾವು ಕೇಳ್ತಿರೋದು ತೀರಾ ಚಿಕ್ಕದು. ಇಂಪ್ಲಾಂಟ್ ಡಬ್ಬಿಯ ಜೊತೆ ಕಂಪನಿ ಹೆಸರು, ಅಳತೆ, ಲಾಟ್ ನಂಬರ್ ಇರೋ ಸ್ಟಿಕ್ಕರ್ ಬರುತ್ತೆ. ಅದು ಡಾಕ್ಟರ ಫೈಲಿನಲ್ಲಿ ಉಳಿಯುತ್ತೆ. ಅದರ ಇನ್ನೊಂದು ಪ್ರತಿ ರೋಗಿಯ ಕೈಗೂ ಬರಲಿ, ಕನ್ನಡದಲ್ಲಿ ಬರೆದ ಒಂದು ಕಾರ್ಡಿನ ಮೇಲೆ. ನಿಮ್ಮ ಮನೆಯಲ್ಲಿ ಯಾರಾದರೂ ಹಾಕಿಸಿಕೊಳ್ತಿದ್ದರೆ ಬಿಲ್ಲಿಗಿಂತ ಮೊದಲು ಆ ಸ್ಟಿಕ್ಕರ್ ಕೇಳಿ. ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿಟ್ಟರೂ ಆಯ್ತು, ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಅದೊಂದು ಉಪಯೋಗಕ್ಕೆ ಬರಲಿ.

‘ಹಾಗಾದ್ರೆ ಹಳ್ಳಿಯವರಿಗೆ ಇಂಪ್ಲಾಂಟೇ ಬೇಡ ಅಂತೀರಾ?’ ಅಂತ ಈ ಬರಹದ ಕರಡು ಓದಿದ ಸೀನಿಯರ್ ಒಬ್ಬರು ಕೇಳಿದರು. ಇಲ್ಲ. ಬಡವರಿಗೆ ಕಳಪೆ ಸಾಕು ಅನ್ನೋ ವಾದ ನಮ್ಮದಲ್ಲ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ಟು ಕೊಡೋಕೆ ದಂತಭಾಗ್ಯ ಅಂತ ಯೋಜನೆ ತಂದರು, ಒಳ್ಳೆಯದೇ. ಆದರೆ ಸೆಟ್ಟು ಹಾಕಿದ ಯಾವ ಅಜ್ಜಿಯನ್ನಾದರೂ ಕೇಳಿ, ಮೇಲಿನದ್ದು ಹೇಗೋ ಅಂಟಿಕೊಳ್ಳುತ್ತೆ, ಕೆಳಗಿನದ್ದು ನಾಲಿಗೆ ಆಡಿಸಿದರೆ ತೇಲುತ್ತೆ. ಊಟಕ್ಕೆ ತೆಗೆದಿಟ್ಟು, ಫೋಟೋಕ್ಕೆ ಹಾಕಿಕೊಳ್ಳೋರೇ ಜಾಸ್ತಿ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಒಂದು ತೀರ್ಮಾನ ಹೇಳಿದ್ದರು: ಹಲ್ಲೇ ಇಲ್ಲದ ಕೆಳದವಡೆಗೆ ಬರೀ ಸೆಟ್ಟು ಸಾಲದು, ಎರಡು ಇಂಪ್ಲಾಂಟಿನ ಮೇಲೆ ಗುಂಡಿ ಹಾಕಿದ ಹಾಗೆ ಕೂರೋ ಸೆಟ್ಟೇ ಮೊದಲ ಆಯ್ಕೆ ಆಗಬೇಕು. ಎಂಟು ಬೇಡ, ಎರಡು ಸಾಕು. ತೆಗೆದು ತೊಳೆದು ಹಾಕಬಹುದು, ಒಳಗಿನ ರಬ್ಬರ್ ಉಂಗುರ ಸವೆದರೆ ಹೊಸದು ಹಾಕಿಸಿಕೊಂಡರಾಯಿತು. ಬಾಳೆಲೆಯಂಥ ಊರಿಗೆ ಒಪ್ಪೋ ಡಿಸೈನ್ ಅಂದರೆ ಇದು. ಸರ್ಕಾರ ಮುಂದಿನ ಹೆಜ್ಜೆ ಇಡೋದಾದರೆ ಇಲ್ಲಿಂದ ಇಡಲಿ.

ಆದರೆ ಅದು ಹಲ್ಲೆಲ್ಲ ಹೋದ ಮೇಲಿನ ಮಾತು. ಅದಕ್ಕೂ ಇಪ್ಪತ್ತು ವರ್ಷ ಮೊದಲು, ನಲವತ್ತರ ವಯಸ್ಸಿನಲ್ಲಿ, ಮೆಣಸು ಕುಯ್ಯೋಕೆ ಏಣಿ ಹತ್ತುವ ಒಬ್ಬ ಆಳಿನ ವಸಡಿನಲ್ಲಿ ರಕ್ತ ಬರುತ್ತಿರುವಾಗ ಯಾರು ನೋಡಬೇಕು? ಅವನು ಹತ್ತು ಸಲ ಬಸ್ಸು ಹತ್ತಿ ಬರೋದಿಲ್ಲ. ಕುರ್ಚಿಯೇ ಅವನಿದ್ದಲ್ಲಿಗೆ ಹೋಗಬೇಕು, ಅದೂ ಒಂದೇ ಸಲ ಹೋಗಿ ಫೋಟೋ ತೆಗೆದುಕೊಂಡು ಬಂದರೆ ಸಾಲದು. ಗಾರೆ ಮತ್ತೆ ಕಟ್ಟುತ್ತೆ, ವಸಡಿನ ರೋಗ ಇರೋರನ್ನ ಮೂರು-ನಾಲ್ಕು ತಿಂಗಳಿಗೊಮ್ಮೆ ನೋಡಬೇಕಾಗುತ್ತೆ. ನಮ್ಮ ಎನ್ನೆಸ್ಸೆಸ್ ಕ್ಯಾಂಪುಗಳಲ್ಲಿ ಬಿಪಿ ನೋಡ್ತೀವಿ, ಶುಗರ್ ನೋಡ್ತೀವಿ, ರಕ್ತದ ಗುಂಪು ಬರೆದುಕೊಡ್ತೀವಿ. ಬಾಯಿ ತೆರೆಸಿ ನೋಡೋ ಕಾಲಂ ಆ ಹಾಳೆಯಲ್ಲಿ ಇಲ್ಲ. ಸ್ಕೇಲಿಂಗ್ ಮಾಡೋ ಅಲ್ಟ್ರಾಸೋನಿಕ್ ಯಂತ್ರಕ್ಕೆ ಬೇಕಾಗೋದು ಒಂದಷ್ಟು ಕರೆಂಟು, ಒಂದಷ್ಟು ನೀರು. ಕರೆಂಟು ಹೋಗೋದು ನಮ್ಮ ಕಡೆ ಮಾಮೂಲು, ಹಾಗಾಗಿ ಬ್ಯಾಟರಿ, ಇನ್ವರ್ಟರ್, ಪುಟ್ಟ ಪಂಪು, ಮಡಚೋ ಕುರ್ಚಿ ಎಲ್ಲ ಒಂದು ಪಿಕಪ್ ಗಾಡಿಯಲ್ಲಿ ಹಿಡಿಸೋ ಹಾಗೆ ಮಾಡೋದು ಫೈನಲ್ ಇಯರ್ ಪ್ರಾಜೆಕ್ಟಿಗೆ ಕಮ್ಮಿ ಕೆಲಸ ಏನಲ್ಲ. ಇಂಟರ್‌ನೆಟ್ಟಿಂದ ಇಳಿಸಿದ ದವಡೆಯನ್ನ ಪ್ರಿಂಟ್ ಮಾಡಿ ಬಣ್ಣ ಬಳಿಯೋದಕ್ಕಿಂತಲಂತೂ ಜಾಸ್ತಿ. ಗೈಡ್ ಹುಡುಕ್ತಾ ಇರೋ ಇಇ ಮತ್ತು ಮೆಕ್ಯಾನಿಕಲ್ ಟೀಮುಗಳು ಕ್ಲಬ್ ರೂಮಿಗೆ ಬನ್ನಿ, ಶುಕ್ರವಾರ ಲ್ಯಾಬ್ ಮುಗಿದ ಮೇಲೆ ಇರ್ತೀವಿ. ಡೆಂಟಲ್ ಓದ್ತಿರೋ ನಮ್ಮೂರಿನ ಇಬ್ಬರು ಯಂತ್ರದ ನೀರಿನ ಒತ್ತಡ, ಕ್ರಿಮಿಶುದ್ಧಿಯ ಲೆಕ್ಕ ಎಲ್ಲ ಹೇಳಿಕೊಡೋಕೆ ಒಪ್ಪಿದ್ದಾರೆ, ಊಟದ ಖರ್ಚು ನಮ್ಮದಂತೆ.